ಲೆಕ್ಕ ಉಳಿದರೆ ಸಾಲದು, ಸೆಟ್ಟಿಂಗೂ ಉಳಿಯಬೇಕು

ಪಲ್ಪರ್ ಇಟ್ಟುಕೊಂಡಿರುವ ಬೆಳೆಗಾರ ಬಂಧುಗಳಿಗೆ ಒಂದು ಸಂಗತಿಯನ್ನು ನಾವು ಹೇಳಿಕೊಡಬೇಕಾಗಿಲ್ಲ. ಯಂತ್ರ ಹೊಸದಾದ ಮಾತ್ರಕ್ಕೆ ಕೆಲಸ ಸಾಗದು. ಹಣ್ಣಿನ ಗಾತ್ರಕ್ಕೆ ತಕ್ಕಂತೆ ಅದರ ಸಂದನ್ನು ಹೊಂದಿಸಬೇಕು. ಸಂದು ಕಿರಿದಾದರೆ ಬೀಜಕ್ಕೆ ಗಾಯ, ಹಿರಿದಾದರೆ ಹಣ್ಣು ಸಿಪ್ಪೆ ಬಿಡದೆ ಹೊರಬೀಳುತ್ತದೆ. ಕಂಪ್ಯೂಟರಿಗೂ ಇಂಥ ಹೊಂದಿಕೆಗಳಿವೆ. ಅವನ್ನೇ ಸೆಟ್ಟಿಂಗ್ ಎನ್ನುತ್ತಾರೆ.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರಕಾರ 2022ರ ಜೂನ್ ತಿಂಗಳಲ್ಲಿ ಮಂಜೂರಾತಿ ನೀಡಿತು. ಆಗ ಗುರಿಯಾಗಿದ್ದುದು 63,000 ಸಂಘಗಳು. ಈ ಏರ್ಪಾಡಿನಲ್ಲಿ ಲೆಕ್ಕಪತ್ರ ದೂರದ ಸರ್ವರಿನಲ್ಲಿ ಉಳಿಯುತ್ತದೆ. ಆದರೆ ರಸೀದಿ ಕಾಗದದ ಅಳತೆ, ಪ್ರಿಂಟರಿನ ಹೊಂದಿಕೆ, ಕನ್ನಡ ಕೀಲಿಮಣೆ, ಅಕ್ಷರದ ಫಾಂಟು, ಇಮೇಲಿನ ವಿಳಾಸಪಟ್ಟಿ ಇವೆಲ್ಲ ಮೇಜಿನ ಮೇಲಿನ ಯಂತ್ರದಲ್ಲೇ ಇರುವಂಥವು. ಕೊಯ್ಲಿನ ದಿನಗಳಲ್ಲಿ ಆ ಯಂತ್ರ ಕೆಟ್ಟರೆ ಲೆಕ್ಕ ಕ್ಷೇಮವಾಗಿದ್ದರೂ ರಸೀದಿ ಸರಿಯಾಗಿ ಅಚ್ಚಾಗುವುದಿಲ್ಲ. ಮೂಟೆ ತಂದ ಸದಸ್ಯರು ಬಾಗಿಲಲ್ಲಿ ಕಾಯಬೇಕಾಗುತ್ತದೆ. ಆದುದರಿಂದ ಇದು ಗುಮಾಸ್ತರೊಬ್ಬರ ತಲೆನೋವಷ್ಟೇ ಅಲ್ಲ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಯಂತ್ರ ಬದಲಿಸುವ ಯೋಚನೆ ಹಲವು ಕಚೇರಿಗಳಿಗೆ ಬಂದೇ ಬರುತ್ತದೆ. ಹಳೆಯ ಯಂತ್ರವನ್ನು ಮೂಲೆಗೆ ಸರಿಸುವ ಮುನ್ನ ಕೆಳಗಿನ ವಿಷಯಗಳನ್ನು ಗಮನಿಸಬೇಕೆಂದು ನಮ್ಮ ಸೂಚನೆ.

ಸೆಟ್ಟಿಂಗ್ ಎಲ್ಲಿರುತ್ತದೆ? ವಿಂಡೋಸಿನಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಸಿ ಡ್ರೈವಿನ ‘ಯೂಸರ್ಸ್’ ಎಂಬಲ್ಲಿ ಪ್ರತ್ಯೇಕ ಫೋಲ್ಡರ್ ಇರುತ್ತದೆ. ಅದರೊಳಗೆ ‘ಆಪ್‌ಡೇಟಾ’ ಎಂಬ ಇನ್ನೊಂದಿದೆ. ಇದು ಕಣ್ಣಿಗೆ ಮರೆಯಾಗಿರುವುದರಿಂದ ನಕಲು ತೆಗೆಯುವವರು ಇದನ್ನು ಬಿಟ್ಟುಬಿಡುವುದುಂಟು. ‘ವ್ಯೂ’ ಪಟ್ಟಿಯಲ್ಲಿ ‘ಹಿಡನ್ ಐಟಮ್ಸ್’ ಎಂಬುದನ್ನು ಆರಿಸಿದರೆ ಕಾಣುತ್ತದೆ. ಲಿಬ್ರೆಆಫೀಸಿನ ಹೊಂದಿಕೆಗಳೂ ಥಂಡರ್‌ಬರ್ಡ್‌ನ ಅಂಚೆ, ವಿಳಾಸಪಟ್ಟಿಗಳೂ ಇದರ ‘ರೋಮಿಂಗ್’ ಭಾಗದಲ್ಲಿರುತ್ತವೆ. ಆಯಾ ತಂತ್ರಾಂಶವನ್ನು ಮುಚ್ಚಿದ ಮೇಲೆಯೇ ನಕಲು ಮಾಡತಕ್ಕದ್ದು; ತೆರೆದಿಟ್ಟು ಮಾಡಿದರೆ ನಕಲು ಅರೆಬರೆಯಾದೀತು.

ಕೆಲವು ತಂತ್ರಾಂಶಗಳ ಹೊಂದಿಕೆ ‘ರಿಜಿಸ್ಟ್ರಿ’ ಎಂಬ ವಿಂಡೋಸಿನ ಒಳದಾಖಲೆಯಲ್ಲಿರುತ್ತದೆ. ಫೋಲ್ಡರ್ ನಕಲು ಮಾಡಿದರೆ ಅದು ಬರುವುದಿಲ್ಲ. ಪ್ರಿಂಟರಿನ ಕಾಗದದ ಅಳತೆಯಂಥವನ್ನು ಪುಸ್ತಕದಲ್ಲಿ ಬರೆದಿಡುವುದು, ಪರದೆಯ ಚಿತ್ರ ತೆಗೆದು ಅಚ್ಚು ಹಾಕಿಡುವುದು ಸುಲಭೋಪಾಯ.

ಫಾಂಟಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಹಳೆಯ ನುಡಿ ಫಾಂಟುಗಳಲ್ಲಿ ಬರೆದ ನಡಾವಳಿಗಳು, ಆ ಫಾಂಟು ಇಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಬರಹ ಹಾಳಾಯಿತೆಂದು ಅಳಿಸಬಾರದು. ಫಾಂಟು ಹಾಕಿದರೆ ಕನ್ನಡ ಮರಳಿ ಬರುತ್ತದೆ. ಹಾಕುವಾಗ ‘ಎಲ್ಲ ಬಳಕೆದಾರರಿಗೂ’ ಎಂಬ ಆಯ್ಕೆಯನ್ನೇ ಒತ್ತಬೇಕು. ಇಲ್ಲವಾದರೆ ಹಾಕಿದವರೊಬ್ಬರಿಗೆ ಮಾತ್ರ ಅದು ದೊರೆತು, ಅದೇ ಯಂತ್ರದ ಮುಂದೆ ಕೂರುವ ಇನ್ನೊಬ್ಬರಿಗೆ ಸಿಗದೆ ಹೋಗಬಹುದು.

ಹಲವರು ದುಡಿಯುವ ಕಡೆ ಒಂದೇ ಹೆಸರಿನಲ್ಲಿ ಎಲ್ಲರೂ ಲಾಗಿನ್ ಆಗುವ ಪದ್ಧತಿ ಒಳ್ಳೆಯದಲ್ಲ. ಒಬ್ಬರು ಬದಲಿಸಿದ್ದು ಎಲ್ಲರ ತಲೆಗೂ ಬರುತ್ತದೆ. ಬದಲಿಸಿದವರು ಯಾರೆಂಬುದೂ ತಿಳಿಯುವುದಿಲ್ಲ. ಒಬ್ಬೊಬ್ಬರಿಗೂ ಪ್ರತ್ಯೇಕ ಹೆಸರಿರಲಿ. ತಂತ್ರಾಂಶ ಹಾಕುವ, ತೆಗೆಯುವ ಅಧಿಕಾರ ಬೇರೊಂದು ಖಾತೆಯಲ್ಲಿರಲಿ. ದೊಡ್ಡ ಸಂಸ್ಥೆಗಳಲ್ಲಿ ವಿಂಡೋಸ್ 2000ದ ಕಾಲದಿಂದಲೂ ‘ಗ್ರೂಪ್ ಪಾಲಿಸಿ’ ಎಂಬ ಏರ್ಪಾಡಿದ್ದು, ನೂರಾರು ಯಂತ್ರಗಳ ಹೊಂದಿಕೆಯನ್ನು ಒಂದೇ ಕಡೆ ಕುಳಿತು ನಿಭಾಯಿಸುತ್ತಾರೆ. ಮೂರು ನಾಲ್ಕು ಯಂತ್ರಗಳ ಸಣ್ಣ ಸಂಘಕ್ಕೆ ಅಷ್ಟು ವೆಚ್ಚ ಅನಗತ್ಯ. ಯಾವ ಯಂತ್ರಕ್ಕೆ ಯಾವ ಹೊಂದಿಕೆ ಎಂಬ ಒಂದು ಪುಟದ ಪಟ್ಟಿ, ತಿಂಗಳಿಗೊಮ್ಮೆ ಎರಡು ಪೆನ್‌ಡ್ರೈವಿಗೆ ನಕಲು, ಅದರ ಹೊಣೆಗೆ ಒಬ್ಬರ ಹೆಸರು ಇಷ್ಟಿದ್ದರೆ ಸಾಕು.

ಎರಡರಲ್ಲಿ ಒಂದು ಪೆನ್‌ಡ್ರೈವ್ ಕಚೇರಿಯ ಹೊರಗಿರಬೇಕು. ಥಂಡರ್‌ಬರ್ಡ್‌ನ ನಕಲಿನೊಂದಿಗೆ ಅದರಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳೂ ಬರುವುದರಿಂದ ಅದನ್ನು ಗೋದಾಮಿನ ಬೀಗದ ಕೈಯಂತೆ ಜೋಪಾನ ಮಾಡಬೇಕು.

ಕೊನೆಯದಾಗಿ, ಮೊಳಕೆ ಪರೀಕ್ಷಿಸದ ಬೀಜವನ್ನು ನಂಬಿ ನರ್ಸರಿ ಮಾಡುವವರಿಲ್ಲ. ತೆಗೆದಿಟ್ಟ ನಕಲನ್ನೂ ವರ್ಷಕ್ಕೊಮ್ಮೆ ಬೇರೊಂದು ಯಂತ್ರದಲ್ಲಿ ಹಾಕಿ ನೋಡಬೇಕು. ಅಲ್ಲಿನ ತಂತ್ರಾಂಶ ಹಳೆಯ ಆವೃತ್ತಿಯದಾದರೆ ಹೊಸದರ ಹೊಂದಿಕೆಯನ್ನು ಸ್ವೀಕರಿಸದೆ ಹೋಗಬಹುದು. ಇದನ್ನು ಮೊದಲೇ ಗಮನಿಸಬೇಕು. ಪರೀಕ್ಷೆಗೆ ಮಳೆಗಾಲವೇ ಸರಿ. ಕೊಯ್ಲು ಆರಂಭವಾದ ಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಮನೆಯಲ್ಲಿ ತಂದೆ ಮಕ್ಕಳು ಒಂದೇ ಕಂಪ್ಯೂಟರಿನಲ್ಲಿ ತೋಟದ ಲೆಕ್ಕ ಬರೆಯುವ ಸದಸ್ಯರಿಗೂ ಈ ಕ್ರಮಗಳು ಒಪ್ಪುತ್ತವೆ. ಇನ್ನು ಸಂಘದ ಮಟ್ಟಿಗೆ, ಮುಂದಿನ ಮಹಾಸಭೆಯಲ್ಲಿ ಲೆಕ್ಕ ಪರಿಶೋಧನೆಯ ವರದಿ ಕೇಳುವಾಗ, “ಕಂಪ್ಯೂಟರಿನ ಸೆಟ್ಟಿಂಗ್ ನಕಲು ಯಾರ ಬಳಿ ಇದೆ, ಪರೀಕ್ಷಿಸಿದ್ದು ಯಾವಾಗ?” ಎಂಬ ಪ್ರಶ್ನೆಯನ್ನೂ ಸದಸ್ಯರು ತಪ್ಪದೆ ಕೇಳಬೇಕೆಂದು ನಮ್ಮ ವಿನಂತಿ.