ಹಿಡಿತಕ್ಕೂ ಒಂದು ಅಳತೆ

ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟನ್ನು ಹೊರತೆಗೆದ ಮೆಕ್ಯಾನಿಕ್ ಮೊದಲು ನೋಡುವುದು ರಿವೆಟ್ಟುಗಳ ತಲೆಯನ್ನು. ಲೈನಿಂಗ್ ಸಮನಾಗಿ ಸವೆದು ರಿವೆಟ್ಟಿನ ಮಟ್ಟಕ್ಕೆ ಇಳಿದಿದ್ದರೆ ಅದು ವಯಸ್ಸಾಗಿ ಹೋದ ಪ್ಲೇಟು; ಯಾರನ್ನೂ ದೂರುವಂತಿಲ್ಲ. ಲೈನಿಂಗ್ ಇನ್ನೂ ದಪ್ಪಗಿದ್ದು ಅದರ ಮೈ ಮಾತ್ರ ಗಾಜಿನಂತೆ ಹೊಳೆಯುತ್ತಿದ್ದರೆ, ಎದುರಿನ ಫ್ಲೈವೀಲಿನ ಮುಖದ ಮೇಲೆ ನೀಲಿ ಮಚ್ಚೆಗಳೂ ಕೂದಲೆಳೆಯಂಥ ಬಿರುಕುಗಳೂ ಕಂಡರೆ, ಅದು ಕಾಲಕ್ಕೆ ಮುಂಚೆ ಬೆಂದುಹೋದ ಪ್ಲೇಟು. ಬೇಯುವುದಕ್ಕೂ ಎರಡು ದಾರಿಗಳಿವೆ. ಎಂಜಿನ್ನಿನ ಟಾರ್ಕು, ಅಂದರೆ ತಿರುಗಿಸುವ ಬಲ, ಕ್ಲಚ್ಚಿನ ಹಿಡಿತವನ್ನು ಮೀರಿದ್ದು ಒಂದು. ನಿಂತ ಗಾಡಿಯನ್ನು ಎಬ್ಬಿಸುವಾಗ ಹುಟ್ಟಿದ ಬಿಸಿ ಇನ್ನೊಂದು. ಗಾಡಿಯ ಮಾಲೀಕರು ಇವೆಲ್ಲಕ್ಕೂ ‘ಕ್ಲಚ್ ಹೋಯ್ತು’ ಎಂಬ ಒಂದೇ ಮಾತು ಹೇಳುತ್ತಾರೆ, ‘ಇದಕ್ಕಿಂತ ಗಟ್ಟಿಯಾದದ್ದು ಹಾಕಿ’ ಎಂದು ಒಂದೇ ಮದ್ದು ಕೇಳುತ್ತಾರೆ. ಎಂಜಿನ್ನಿನ ಶಕ್ತಿ ಏರಿಸಿಕೊಂಡ ಡೀಸೆಲ್ ಪಿಕಪ್‌ಗಳಿಗೆ ಕ್ಲಚ್ ಆರಿಸುವ ವಿದ್ಯೆಯ ತಿರುಳು ಈ ಮಾತನ್ನು ಅನುಮಾನಿಸುವುದರಲ್ಲಿದೆ. ಎಲ್ಲಕ್ಕಿಂತ ಗಟ್ಟಿಯಾದ ಕ್ಲಚ್ಚೇ ಎಲ್ಲಕ್ಕಿಂತ ಒಳ್ಳೆಯ ಕ್ಲಚ್ ಅಲ್ಲ. ಗಾಡಿಯ ಟಾರ್ಕಿಗೆ, ಹೊರೆಗೆ, ಗೇರ್‌ಬಾಕ್ಸಿನ ತಾಳಿಕೆಗೆ ಹೊಂದುವ ಕ್ಲಚ್ಚು ಒಳ್ಳೆಯದು.

ಈ ವಿದ್ಯೆ ಬೆಳೆದದ್ದು ಅಮೆರಿಕದಲ್ಲಿ. ಕುದುರೆಗಳ ಟ್ರೇಲರ್, ಹುಲ್ಲಿನ ಪಿಂಡಿ, ಜೆಸಿಬಿಯಂಥ ಯಂತ್ರಗಳನ್ನು ಎಳೆಯಲು ಅಲ್ಲಿನ ರೈತರೂ ಗುತ್ತಿಗೆದಾರರೂ ಬಳಸುವುದು ದೊಡ್ಡ ಪಿಕಪ್‌ಗಳನ್ನು. 1989ರ ಮಾದರಿಯಲ್ಲಿ ಡಾಡ್ಜ್ ರ‍್ಯಾಮ್ ಪಿಕಪ್‌ಗೆ ಕಮ್ಮಿನ್ಸ್ ಕಂಪನಿಯ 5.9 ಲೀಟರಿನ ಆರು ಸಿಲಿಂಡರ್ ಡೀಸೆಲ್ ಎಂಜಿನ್ ಬಂತು. ಅದೇ ‘ಬಿ’ ಸರಣಿಯ ಎಂಜಿನ್ನುಗಳನ್ನು 1993ರಲ್ಲಿ ಸ್ಥಾಪನೆಯಾದ ಟಾಟಾ ಕಮ್ಮಿನ್ಸ್ ಜಮ್‌ಷೆಡ್‌ಪುರದಲ್ಲಿ ತಯಾರಿಸಿ ಟಾಟಾ ಲಾರಿಗಳಿಗೆ ಕೊಟ್ಟದ್ದರಿಂದ, ಅದರ ಸದ್ದು ನಮ್ಮ ಹೆದ್ದಾರಿಗಳಿಗೂ ಹೊಸದಲ್ಲ. ಮೊದಲ ರ‍್ಯಾಮ್‌ನಲ್ಲಿ ಅದರ ಶಕ್ತಿ 160 ಎಚ್‌ಪಿ, ಟಾರ್ಕು ಸುಮಾರು 540 ನ್ಯೂಟನ್ ಮೀಟರ್. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಕಾರ್ಖಾನೆಯೇ ಅದನ್ನು 325 ಎಚ್‌ಪಿ, 810 ನ್ಯೂಟನ್ ಮೀಟರಿಗೆ ಏರಿಸಿತ್ತು. ಮಾಲೀಕರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಹಳೆಯ ಗಾಡಿಯಲ್ಲಿ ಬಾಷ್ ಪಂಪಿನ ಡೀಸೆಲ್ ಪ್ರಮಾಣ ಹೆಚ್ಚಿಸಿ, ಹೊಸದರಲ್ಲಿ ಕಂಪ್ಯೂಟರಿನ ಲೆಕ್ಕ ಬದಲಿಸಿ ಇನ್ನೂ ನೂರಾರು ಎಚ್‌ಪಿ ಪಡೆದರು. ಇದರಲ್ಲಿ ಹೊಗೆ ನಿಯಂತ್ರಣದ ಸಾಧನಗಳನ್ನು ಕಿತ್ತುಹಾಕುವುದು ಅಲ್ಲಿನ ಕ್ಲೀನ್ ಏರ್ ಕಾನೂನಿಗೆ ವಿರುದ್ಧ. ಕಾನೂನಿನೊಳಗೇ ಇದ್ದವರಿಗೂ ತಪ್ಪದ ತೊಂದರೆ ಒಂದಿತ್ತು: ಎಂಜಿನ್ ಬಲಿಷ್ಠವಾದ ದಿನದಿಂದ ಕಂಪನಿ ಕೊಟ್ಟ ಕ್ಲಚ್ ಜಾರತೊಡಗಿತು.

ಯಾಕೆ ಜಾರುತ್ತದೆ ಎಂಬುದು ಸರಳ ಗುಣಾಕಾರ. ಎಂಜಿನ್ನಿನ ಜೊತೆ ಸುತ್ತುವ ಫ್ಲೈವೀಲು ಒಂದು ಕಡೆ, ಪ್ರೆಶರ್ ಪ್ಲೇಟು ಇನ್ನೊಂದು ಕಡೆ. ಇವೆರಡರ ನಡುವೆ, ರೊಟ್ಟಿಯಷ್ಟಗಲದ ಕ್ಲಚ್ ಪ್ಲೇಟನ್ನು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಉಜ್ಜುವ ಮುಖಗಳ ಸಂಖ್ಯೆ, ಲೈನಿಂಗಿನ ಘರ್ಷಣೆಯ ಗುಣ, ಸ್ಪ್ರಿಂಗಿನ ಒತ್ತಡ, ಲೈನಿಂಗಿನ ಸರಾಸರಿ ತ್ರಿಜ್ಯ, ಈ ನಾಲ್ಕನ್ನು ಗುಣಿಸಿದರೆ ಕ್ಲಚ್ ಹಿಡಿಯಬಲ್ಲ ಟಾರ್ಕು ಸಿಗುತ್ತದೆ. ಉದಾಹರಣೆಗೆ ಒಂದೇ ಪ್ಲೇಟಿನ, ಸುಮಾರು 13 ಇಂಚಿನ ಕ್ಲಚ್ ತೆಗೆದುಕೊಳ್ಳೋಣ. ಮುಖಗಳು ಎರಡು, ಘರ್ಷಣೆಯ ಅಂಕ 0.3, ಒತ್ತಡ 12,000 ನ್ಯೂಟನ್, ಅಂದರೆ 1,200 ಕಿಲೋ ಭಾರ ಹೇರಿದಷ್ಟು. ತ್ರಿಜ್ಯ 13 ಸೆಂಟಿಮೀಟರ್. ಗುಣಿಸಿದರೆ ಸುಮಾರು 940 ನ್ಯೂಟನ್ ಮೀಟರ್. 810ರ ಎಂಜಿನ್ನಿಗೆ ಇದು ಸಾಕು. ಅದೇ ಎಂಜಿನ್ನನ್ನು 1,200ಕ್ಕೆ ಏರಿಸಿದರೆ ಸಾಲದು. ಆಗ ಟಾಪ್ ಗೇರಿನಲ್ಲಿ, ಕಡಿಮೆ ಆರ್‌ಪಿಎಮ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ನಿನ ಸದ್ದು ಏರುತ್ತದೆ, ಮುಳ್ಳು ಮೇಲೆ ಹೋಗುತ್ತದೆ, ಗಾಡಿಯ ವೇಗ ಮಾತ್ರ ಏರುವುದಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಇದು ಮೊದಲನೆಯ ಕಾಯಿಲೆ: ಟಾರ್ಕಿಗೆ ಸೋತ ಹಿಡಿತ.

ಅಂಗಡಿಯವರು ಈ ಕಾಯಿಲೆಗೆ ಎಚ್‌ಪಿಯ ಲೆಕ್ಕದಲ್ಲಿ ಮದ್ದು ಮಾರುತ್ತಾರೆ. ಡಬ್ಬದ ಮೇಲೆ ‘400 ಎಚ್‌ಪಿವರೆಗೆ’, ‘600 ಎಚ್‌ಪಿವರೆಗೆ’ ಎಂದು ದಪ್ಪ ಅಕ್ಷರಗಳಿರುತ್ತವೆ. ಆದರೆ ಕ್ಲಚ್ಚಿಗೆ ಎಚ್‌ಪಿಯ ಪರಿವೆಯೇ ಇಲ್ಲ. ಅದಕ್ಕೆ ತಾಕುವುದು ಟಾರ್ಕು. ಎಚ್‌ಪಿ ಎಂಬುದು ಟಾರ್ಕು ಮತ್ತು ಆರ್‌ಪಿಎಮ್ ಎರಡೂ ಸೇರಿ ಆಗುವ ಅಂಕ. 400 ಎಚ್‌ಪಿ 3,000 ಆರ್‌ಪಿಎಮ್‌ನಲ್ಲಿ ಬಂದರೆ ಆ ಕ್ಷಣದ ಟಾರ್ಕು ಸುಮಾರು 950 ನ್ಯೂಟನ್ ಮೀಟರ್. ಅದೇ 400 ಎಚ್‌ಪಿ 2,000 ಆರ್‌ಪಿಎಮ್‌ನಲ್ಲೇ ಬಂದರೆ ಟಾರ್ಕು 1,420. ಡಬ್ಬದ ಅಂಕ ಎರಡಕ್ಕೂ ಒಂದೇ, ಕ್ಲಚ್ಚಿನ ಪಾಲಿಗೆ ಮಾತ್ರ ಅರ್ಧದಷ್ಟು ವ್ಯತ್ಯಾಸ. ದೊಡ್ಡ ಡೀಸೆಲ್ ಎಂಜಿನ್ನುಗಳು ತಮ್ಮ ಪೂರ್ತಿ ಟಾರ್ಕನ್ನು ತೋರಿಸುವುದು ಕೆಳಗಿನ ಆರ್‌ಪಿಎಮ್‌ನಲ್ಲೇ. 2004ರ ಕಮ್ಮಿನ್ಸ್‌ನದು 1,600ರಲ್ಲೇ ತುದಿ ಮುಟ್ಟುತ್ತದೆ. ಪೆಟ್ರೋಲ್ ಎಂಜಿನ್ನಿನ ಲೆಕ್ಕ ಇಟ್ಟುಕೊಂಡು ಎಚ್‌ಪಿಯನ್ನೇ ನಂಬಿದವರು ಮೋಸಹೋಗುವುದು ಇಲ್ಲಿ. ಹಾಗಾಗಿ ಕ್ಲಚ್ ಕೊಳ್ಳುವವರ ಮೊದಲ ಪ್ರಶ್ನೆ ‘ಎಷ್ಟು ಎಚ್‌ಪಿ ತಡೆಯುತ್ತದೆ’ ಎಂದಿರಬಾರದು, ‘ಎಷ್ಟು ಟಾರ್ಕು ಹಿಡಿಯುತ್ತದೆ’ ಎಂದಿರಬೇಕು.

ಎರಡನೆಯ ಕಾಯಿಲೆಗೆ ಎಂಜಿನ್ನಿನ ಶಕ್ತಿಯೊಡನೆ ಹೆಚ್ಚು ನಂಟಿಲ್ಲ. ಅದು ಹುಟ್ಟುವುದು ಗಾಡಿ ಎಬ್ಬಿಸುವ ಹೊತ್ತಿನಲ್ಲಿ. ಸಮತಟ್ಟಾದ ನೆಲದಲ್ಲಿ ನಿಂತ ಗಾಡಿಯನ್ನು ಎಬ್ಬಿಸಿದಾಗ, ಕ್ಲಚ್ ಪೂರ್ತಿ ಕಚ್ಚುವ ವೇಳೆಗೆ ಗಾಡಿ ಎಷ್ಟು ಚಲನಶಕ್ತಿ ಪಡೆದಿರುತ್ತದೋ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಬಿಸಿಯಾಗಿ ಕಳೆದುಹೋಗಿರುತ್ತದೆ. ರ‍್ಯಾಮ್‌ನಲ್ಲಿದ್ದ ಎನ್‌ವಿ 4500 ಎಂಬ ಐದು ಗೇರಿನ ಗೇರ್‌ಬಾಕ್ಸಿನ ಫಸ್ಟ್ ಗೇರ್ ಅನುಪಾತ ಸುಮಾರು 5.6, ಸೆಕೆಂಡ್ ಸುಮಾರು 3. ಟ್ರೇಲರೂ ಸೇರಿ 9 ಟನ್ ತೂಗುವ ಗಾಡಿಯನ್ನು ಫಸ್ಟಿನಲ್ಲಿ ನಿಧಾನವಾಗಿ ಎಬ್ಬಿಸಿದರೆ ಗಂಟೆಗೆ 5 ಕಿ.ಮೀ. ಆಸುಪಾಸಿನಲ್ಲಿ ಕ್ಲಚ್ ಕಚ್ಚುತ್ತದೆ. ಹುಟ್ಟುವ ಬಿಸಿ ಸುಮಾರು 10 ಕಿಲೋಜೂಲ್. ಸೆಕೆಂಡಿನಲ್ಲಿ ಎಬ್ಬಿಸಿದರೆ 10 ಕಿ.ಮೀ. ಹತ್ತಿರ ಬರುವತನಕ ಜಾರುತ್ತಲೇ ಇರಬೇಕು. ಬಿಸಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಮೂರು ಪಟ್ಟನ್ನೂ ಮೀರುತ್ತದೆ. ಇನ್ನೊಂದು ರೀತಿ ಹೇಳುವುದಾದರೆ, 3 ಟನ್ನಿನ ಖಾಲಿ ಗಾಡಿಯನ್ನು ಸೆಕೆಂಡಿನಲ್ಲಿ ಎಬ್ಬಿಸುವುದೂ 9 ಟನ್ನಿನ ಹೊರೆಯನ್ನು ಫಸ್ಟಿನಲ್ಲಿ ಎಬ್ಬಿಸುವುದೂ ಕ್ಲಚ್ಚಿಗೆ ಹತ್ತಿರ ಹತ್ತಿರ ಒಂದೇ. ದೊಡ್ಡ ಟೈರು ಹಾಕಿಸಿದರೂ ಅದೇ ಪಾಡು: 33 ಇಂಚಿನ ಬದಲು 37 ಇಂಚಿನ ಟೈರು ಕೂರಿಸಿದರೆ ಪ್ರತಿ ಸಲ ಎಬ್ಬಿಸುವಾಗಿನ ಬಿಸಿ ಕಾಲು ಭಾಗದಷ್ಟು ಹೆಚ್ಚುತ್ತದೆ.

ಇದೆಲ್ಲ ಸಮತಟ್ಟಿನ ಲೆಕ್ಕ. ಏರಿನಲ್ಲಿ ಟ್ರೇಲರನ್ನು ಹಿಂದಕ್ಕೆ ತಳ್ಳುತ್ತ, ಚಾಲಕರ ಭಾಷೆಯಲ್ಲಿ ‘ಹಾಫ್ ಕ್ಲಚ್’ ಇಟ್ಟುಕೊಂಡು ಗಾಡಿಯನ್ನು ಇಂಚಿಂಚೇ ಸರಿಸುವಾಗ ಲೆಕ್ಕ ಬೇರೆಯೇ. 400 ನ್ಯೂಟನ್ ಮೀಟರ್ ಟಾರ್ಕಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಸುಮಾರು 760 ಆರ್‌ಪಿಎಮ್ ಜಾರಿಕೆ ಇದ್ದರೆ 32 ಕಿಲೋವಾಟ್ ಬಿಸಿ ಹುಟ್ಟುತ್ತದೆ. ಸ್ನಾನದ ಮನೆಯ 2 ಕಿಲೋವಾಟಿನ ಹದಿನಾರು ಗೀಸರುಗಳನ್ನು ಒಟ್ಟಿಗೆ ಹಾಕಿ ಕ್ಲಚ್ಚಿನ ಪುಟ್ಟ ಗೂಡಿನೊಳಗೆ ಇಟ್ಟ ಹಾಗೆ. ಒಂದು ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರಲು ಹತ್ತು ಸೆಕೆಂಡು ಸಾಕು. ಬಿಸಿಯಾದ ಲೈನಿಂಗಿನ ಘರ್ಷಣೆ ಇಳಿಯುತ್ತದೆ. ನಮ್ಮ ಉದಾಹರಣೆಯ ಕ್ಲಚ್ಚಿನಲ್ಲಿ 0.3 ಇದ್ದದ್ದು 0.2ಕ್ಕೆ ಇಳಿದರೆ 940ರ ಹಿಡಿತ 620ಕ್ಕೆ ಕುಸಿಯುತ್ತದೆ. ಆಗ ಏನೂ ಬದಲಿಸದ, ಕಾರ್ಖಾನೆಯ 810ರ ಎಂಜಿನ್ನೂ ಅದನ್ನು ಜಾರಿಸಬಲ್ಲದು. ಹೀಗೆ ಒಂದು ಕಾಯಿಲೆ ಇನ್ನೊಂದರ ವೇಷ ಹಾಕುತ್ತದೆ. ಮೂಲ ತೊಂದರೆ ಬಿಸಿ. ಕಣ್ಣಿಗೆ ಕಾಣುವುದು ಹಿಡಿತದ ಕೊರತೆ. ಸ್ಪ್ರಿಂಗ್ ಗಟ್ಟಿಮಾಡಿದರೆ ಕೆಲಕಾಲ ಸರಿಹೋದಂತೆ ತೋರಬಹುದು, ಹುಟ್ಟುವ ಬಿಸಿ ಮಾತ್ರ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಇಷ್ಟು ತಿಳಿದರೆ ಅಂಗಡಿಯಲ್ಲಿರುವ ಆಯ್ಕೆಗಳು ಗೊಂದಲ ಮಾಡುವುದಿಲ್ಲ. ಆರ್ಗ್ಯಾನಿಕ್ ಎನ್ನುವ ಸಾಮಾನ್ಯ ಲೈನಿಂಗ್ ಮೆತ್ತಗೆ ಕಚ್ಚುತ್ತದೆ, ಗಾಡಿ ನಡುಗುವುದಿಲ್ಲ, ಫ್ಲೈವೀಲನ್ನು ತಿನ್ನುವುದಿಲ್ಲ. ಬಿಸಿ ಹೆಚ್ಚಿದರೆ ಮಾತ್ರ ಬೇಗ ಸೋಲುತ್ತದೆ. ಸೆರಾಮಿಕ್ ಬಿಲ್ಲೆಗಳು ಬಿಸಿಯನ್ನು ಚೆನ್ನಾಗಿ ತಡೆಯುತ್ತವೆ, ಬಿಗಿಯಾಗಿ ಹಿಡಿಯುತ್ತವೆ. ಆದರೆ ಗಬಕ್ಕನೆ ಕಚ್ಚಿ ಗಾಡಿಯನ್ನು ಕುಕ್ಕುತ್ತವೆ, ಎದುರಿನ ಲೋಹವನ್ನೂ ಸವೆಸುತ್ತವೆ. ಒಂದು ಬದಿಗೆ ಆರ್ಗ್ಯಾನಿಕ್, ಇನ್ನೊಂದು ಬದಿಗೆ ಸೆರಾಮಿಕ್ ಇರುವ ಪ್ಲೇಟುಗಳು ನಡುದಾರಿ. ಹಿಡಿತ ಹೆಚ್ಚಿಸಲು ಸ್ಪ್ರಿಂಗನ್ನೇ ಗಟ್ಟಿಮಾಡಿದರೆ ಪೆಡಲ್ ಭಾರವಾಗುತ್ತದೆ, ಕಾಲು ಸೋಲುತ್ತದೆ. ಪೆಡಲ್ ಒತ್ತಿದಷ್ಟು ಹೊತ್ತೂ ಆ ತಳ್ಳುವಿಕೆ ಕ್ರ‍್ಯಾಂಕ್‌ಶಾಫ್ಟಿನ ಥ್ರಸ್ಟ್ ಬೇರಿಂಗಿನ ಮೇಲೆ ಬೀಳುತ್ತದೆ. ಎರಡು ಪ್ಲೇಟಿನ ಕ್ಲಚ್ ಜಾಣತನ ತೋರಿಸುವುದು ಈ ಜಾಗದಲ್ಲಿ. ಉಜ್ಜುವ ಮುಖಗಳು ನಾಲ್ಕಾಗುವುದರಿಂದ ಅದೇ ಸ್ಪ್ರಿಂಗಿಗೆ ಹಿಡಿತ ಇಮ್ಮಡಿಯಾಗುತ್ತದೆ, ಬಿಸಿ ಹೀರಲು ಲೋಹವೂ ಹೆಚ್ಚಿರುತ್ತದೆ. ಅದಕ್ಕೆ ತೆರುವ ಬೆಲೆಯೂ ಇದೆ: ದುಡ್ಡು ಹೆಚ್ಚು, ಪೆಡಲ್ ಒತ್ತಿದಾಗ ನಡುವಿನ ತಟ್ಟೆ ಗಲಗಲ ಎನ್ನುತ್ತದೆ, ಸುತ್ತುವ ಭಾರ ಹೆಚ್ಚಿರುವುದರಿಂದ ಗೇರ್ ಬೀಳುವುದು ತುಸು ನಿಧಾನ.

ಇಲ್ಲಿ ಎದುರಾಗುವ ಆಕ್ಷೇಪ ಹಗುರವಾದದ್ದಲ್ಲ. ಕ್ಲಚ್ ಬದಲಿಸಬೇಕಾದರೆ ಮಣಭಾರದ ಗೇರ್‌ಬಾಕ್ಸನ್ನು ಇಳಿಸಬೇಕು. ಕೂಲಿಯೇ ದೊಡ್ಡ ಬಾಬತ್ತು. ಒಮ್ಮೆ ಇಳಿಸಿದ ಮೇಲೆ ಸಿಗುವುದರಲ್ಲಿ ದೊಡ್ಡದನ್ನೇ ಹಾಕಿ ನಿಶ್ಚಿಂತರಾಗಬಾರದೇಕೆ? ಒಂದಿಷ್ಟು ಮೀಸಲು ಹಿಡಿತ ಬೇಕು ಎಂಬಷ್ಟರ ಮಟ್ಟಿಗೆ ಈ ವಾದ ನಿಜ; ಲೈನಿಂಗ್ ಬಿಸಿಯಾದಾಗ ಹಿಡಿತ ಕುಸಿಯುವುದನ್ನು ನೋಡಿದ್ದೇವೆ. ಅದರಾಚೆಗೆ ಹೋದರೆ ಮನೆಯ ಫ್ಯೂಸಿಗೆ ದಪ್ಪ ತಂತಿ ಸುತ್ತಿದ ಕಥೆಯಾಗುತ್ತದೆ. ಫ್ಯೂಸ್ ಹೋಗುವುದು ನಿಲ್ಲುತ್ತದೆ, ಗೋಡೆಯೊಳಗಿನ ವೈರು ಸುಡುತ್ತದೆ. ಕ್ಲಚ್ ಜಾರದೆ ಹಿಡಿದ ಟಾರ್ಕೆಲ್ಲ ಗೇರ್‌ಬಾಕ್ಸಿನ ಹಲ್ಲುಗಳ ಮೇಲೆ ಬೀಳುತ್ತದೆ, ಫಸ್ಟ್ ಗೇರಿನಲ್ಲಿ ಐದಾರು ಪಟ್ಟಾಗಿ ಹಿಂದಿನ ಆಕ್ಸೆಲಿಗೆ ಹೋಗುತ್ತದೆ. ತಯಾರಕರಿಗೆ ಈ ಭಯ ಇದ್ದದ್ದು ಅವರ ಅಂಕಿಗಳಲ್ಲೇ ಕಾಣುತ್ತದೆ. 2001ರಲ್ಲಿ ರ‍್ಯಾಮ್‌ನ ಹೆಚ್ಚು ಶಕ್ತಿಯ, 685 ನ್ಯೂಟನ್ ಮೀಟರಿನ ಎಂಜಿನ್ ಬಂದಾಗ ಅದನ್ನು ಕೊಟ್ಟದ್ದು ಆರು ಗೇರಿನ ಎನ್‌ವಿ 5600 ಜೊತೆಗೆ ಮಾತ್ರ. ಐದು ಗೇರಿನದಕ್ಕೆ ಸುಮಾರು 625ರ ಎಂಜಿನ್ನೇ ಉಳಿಯಿತು. 2013ರಲ್ಲಿ 6.7 ಲೀಟರಿನ ಕಮ್ಮಿನ್ಸ್ ಅತಿ ಗಟ್ಟಿಯಾದ ಆಟೊಮ್ಯಾಟಿಕ್ ಜೊತೆ 1,150 ನ್ಯೂಟನ್ ಮೀಟರ್ ಕೊಡುತ್ತಿದ್ದರೆ, ಮ್ಯಾನುವಲ್ ಗೇರ್‌ಬಾಕ್ಸ್ ಇದ್ದ ಗಾಡಿಗೆ 895ಕ್ಕೇ ಕಟ್ಟುಹಾಕಲಾಗಿತ್ತು. ಕ್ಲಚ್ ಒಂದನ್ನೇ ದೊಡ್ಡದು ಮಾಡಿದರೆ ಸಾಕಾಗಿದ್ದರೆ ಎಂಜಿನ್ನನ್ನು ಕುಗ್ಗಿಸುವ ಅಗತ್ಯ ಬೀಳುತ್ತಿರಲಿಲ್ಲ.

ಚಾಲಕರ ಕಾಲು ಹದವಾಗಿದ್ದರೆ ಯಾವ ಕ್ಲಚ್ಚಾದರೂ ಬಾಳುತ್ತದೆ ಎಂಬುದು ಇನ್ನೊಂದು ವಾದ. ಎರಡನೆಯ ಕಾಯಿಲೆಯ ಮಟ್ಟಿಗೆ ಇದು ಪೂರ್ತಿ ಸರಿ. ಫಸ್ಟ್ ಗೇರಿನಲ್ಲೇ ಎಬ್ಬಿಸುವ ಅಭ್ಯಾಸಕ್ಕೆ ಸಮನಾದ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಹೊಸ ಕ್ಲಚ್ ಹಾಕಿಸಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಹೊರೆಯಿಲ್ಲದೆ, ನಿಂತು ಹೊರಡುವ ಊರೊಳಗಿನ ಓಡಾಟದಲ್ಲಿ ಲೈನಿಂಗನ್ನು ಹದಕ್ಕೆ ತರುವುದೂ ಕಾಲಿನ ಕೆಲಸವೇ. ಆದರೆ ಟಾಪ್ ಗೇರಿನಲ್ಲಿ ಟಾರ್ಕು ಹಿಡಿತವನ್ನು ಮೀರಿದಾಗ ಕಾಲು ಪೆಡಲಿನ ಮೇಲೆ ಇರುವುದೇ ಇಲ್ಲ. ಅಲ್ಲಿ ಉಳಿಸುವುದು ಲೆಕ್ಕ ಒಂದೇ. ಮ್ಯಾನುವಲ್ ಗಾಡಿಯೇ ಮುಗಿದ ಅಧ್ಯಾಯವಲ್ಲವೇ ಎಂದು ಕೇಳುವವರೂ ಇದ್ದಾರೆ. ಫೋರ್ಡ್ ತನ್ನ ದೊಡ್ಡ ಡೀಸೆಲ್ ಪಿಕಪ್‌ಗಳಲ್ಲಿ ಅದನ್ನು 2010ರ ನಂತರ ಕೈಬಿಟ್ಟಿತು, ರ‍್ಯಾಮ್ 2018ರ ಮಾದರಿಗೆ ಮುಗಿಸಿತು. ಹೊಸದು ಬರುವುದಿಲ್ಲ ಎಂಬುದೇ ಈ ವಿದ್ಯೆಗೆ ಬೆಲೆ ತಂದಿದೆ. ಇರುವ ಗಾಡಿಗಳ ಗೇರ್‌ಬಾಕ್ಸುಗಳನ್ನು ಕಾಪಾಡಿಕೊಳ್ಳಬೇಕು; ಅವುಗಳ ಮುಂದೆ ಕೂರುವ ಕ್ಲಚ್ಚನ್ನು ಲಂಗುಲಗಾಮಿಲ್ಲದೆ ಗಟ್ಟಿಮಾಡುವುದು ಕಾಪಾಡುವ ದಾರಿಯಲ್ಲ.

ಹಾಗಿದ್ದರೆ ಅಂಗಡಿಗೆ ಹೋದವರು ಹೇಳಬೇಕಾದದ್ದೇನು? ಎಂಜಿನ್ನಿನ ಟಾರ್ಕು ಎಷ್ಟು, ಅದು ಯಾವ ಆರ್‌ಪಿಎಮ್‌ನಲ್ಲಿ ಬರುತ್ತದೆ. ಟ್ರೇಲರಿನ ತೂಕ ಎಷ್ಟು, ವರ್ಷದಲ್ಲಿ ಎಷ್ಟು ದಿನ ಅದನ್ನು ಎಳೆಯುತ್ತೇವೆ. ಟೈರಿನ ಅಳತೆ ಏನು, ಗೇರ್‌ಬಾಕ್ಸ್ ಯಾವುದು. ಓಡಾಟ ಬಯಲಿನಲ್ಲೋ ಬೆಟ್ಟದಲ್ಲೋ. ಟಾರ್ಕು ತುಸು ಏರಿಸಿ ದಿನವೂ ಊರೊಳಗೆ ಓಡಾಡುವ ಗಾಡಿಗೆ ಒಳ್ಳೆಯ ಆರ್ಗ್ಯಾನಿಕ್ ಪ್ಲೇಟೊಂದೇ ಸಾಕಾಗಬಹುದು. ಬೆಟ್ಟದಲ್ಲಿ ಹೊರೆ ಎಳೆಯುವ ಗಾಡಿಗೆ ಎಂಜಿನ್ ಕಾರ್ಖಾನೆಯದೇ ಆಗಿದ್ದರೂ ಬಿಸಿ ತಡೆಯುವ ಲೈನಿಂಗ್ ಬೇಕಾದೀತು. ಎರಡೂ ಇದ್ದಲ್ಲಿ ಎರಡು ಪ್ಲೇಟಿನದಕ್ಕೆ ಸುರಿದ ದುಡ್ಡು ದಂಡವಲ್ಲ. ಎಚ್‌ಪಿ ಒಂದೇ ಆಗಿರುವ ಎರಡು ಗಾಡಿಗಳಿಗೆ ಎರಡು ಬೇರೆ ಕ್ಲಚ್ ಸರಿಯಾದ ಉತ್ತರವಾಗಬಹುದು ಎಂಬುದನ್ನು ಒಪ್ಪುವ ಅಂಗಡಿಯೇ ನಂಬಬಹುದಾದ ಅಂಗಡಿ. ಲೈನಿಂಗ್ ಇರುವುದೇ ಕೆಲವು ಮಿಲಿಮೀಟರ್ ದಪ್ಪ. ಸವೆಯಲೆಂದೇ ಅದನ್ನು ಅಲ್ಲಿ ಇಟ್ಟಿರುವುದು. ಆಯ್ಕೆ ಸರಿಯಿತ್ತೋ ಇಲ್ಲವೋ ಎಂಬುದು ತಿಳಿಯುವುದು ಮುಂದಿನ ಸಲ ಗೇರ್‌ಬಾಕ್ಸ್ ಇಳಿಸಿದಾಗ. ಆಗ ಕೈಗೆ ಬರಬೇಕಾದದ್ದು ರಿವೆಟ್ಟಿನವರೆಗೆ ಸಮನಾಗಿ ಸವೆದ ಪ್ಲೇಟು, ಹಲ್ಲು ಮುರಿದ ಗೇರಲ್ಲ.