ಕೌದಿಯ ನಾಡಿಗೆ ಕಾಗದದ ಅಚ್ಚು

ತೇರದಾಳ ಭಾಗದ ಮನೆಗಳಲ್ಲಿ ಹಳೆ ಸೀರೆಯನ್ನು ಸುಲಭಕ್ಕೆ ಎಸೆಯುವುದಿಲ್ಲ. ‘ಇರ್ಲಿ ಬಿಡ, ಕೌದಿಗೆ ಬರ್ತೈತಿ’ ಎಂದು ಹಿರಿಯರು ಅದನ್ನು ಗಂಟು ಕಟ್ಟಿ ಎತ್ತಿಡುತ್ತಾರೆ. ರಬಕವಿ-ಬನಹಟ್ಟಿಯ ಮಗ್ಗದ ಹತ್ತಿ ಸೀರೆ, ಹಬ್ಬಕ್ಕೆ ಉಟ್ಟು ಉಟ್ಟು ಮೆತ್ತಗಾದ ಇಳಕಲ್ ಸೀರೆ, ಅಜ್ಜನ ಧೋತರ, ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿದು ಉಳಿದ ಚೂರು ಎಲ್ಲವೂ ಆ ಗಂಟಿಗೆ ಸೇರುತ್ತವೆ. ಆದರೆ ಗಂಟಿನ ತಳದಲ್ಲಿ ಒಂದಿಷ್ಟು ಚಿಂದಿ ಹಾಗೇ ಉಳಿದುಬಿಡುತ್ತದೆ. ಅಂಗೈಗಿಂತ ಚಿಕ್ಕದಾದ, ಅಂಚು ಮಡಚಲು ಹೋದರೆ ಕೈಗೆ ಸಿಗದೆ ಜಾರುವ ತುಣುಕುಗಳವು. ಕೌದಿಗೂ ಬಾರದ ಈ ಚೂರುಗಳಿಗೆ ಒಂದು ದಾರಿ ಇದೆ. ಅದೇ ‘ಪೇಪರ್ ಪೀಸಿಂಗ್’, ಅಂದರೆ ಕಾಗದದ ಅಚ್ಚಿನ ಮೇಲೆ ಬಟ್ಟೆಯನ್ನು ಕೂರಿಸಿ ಜೋಡಿಸುವ ಹೊಲಿಗೆ.

ಅಳತೆಯಿಲ್ಲದ ಕೌದಿ

ಮೊದಲು ನಮ್ಮಲ್ಲಿರುವುದನ್ನು ನೋಡೋಣ. ಕೌದಿ ಹೊಲಿಯುವವರು ನೆಲದ ಮೇಲೆ ಹಳೆ ಸೀರೆ ಹಾಸಿ, ಅದರ ಮೇಲೆ ಹರಿದ ಅರಿವಿಗಳನ್ನು ಪದರ ಪದರವಾಗಿ ಹರವುತ್ತಾರೆ. ಮೇಲ್ಮೈಗೆ ಬಣ್ಣಬಣ್ಣದ ತ್ಯಾಪಿಗಳು. ಆಮೇಲೆ ಎಲ್ಲ ಪದರಗಳನ್ನೂ ಹಿಡಿದು ಸಾಲು ಸಾಲಾಗಿ ಹೊಲಿಗೆ. ಅಳತೆಪಟ್ಟಿ ಇಲ್ಲ, ನಕ್ಷೆ ಇಲ್ಲ. ತುಂಡು ಎಷ್ಟಿದೆಯೋ ಅಷ್ಟೇ ಅದರ ಅಳತೆ. ಜಾಗ ಉಳಿದರೆ ಇನ್ನೊಂದು ತುಂಡು ಬಂದು ಕೂರುತ್ತದೆ.

1948ರಲ್ಲಿ ವಿಲೀನವಾಗುವವರೆಗೆ ತೇರದಾಳ ಮತ್ತು ರಬಕವಿ ಸಾಂಗಲಿ ಸಂಸ್ಥಾನದಲ್ಲಿದ್ದವು. ಆ ಕಡೆಯ ಮರಾಠಿ ಮನೆಗಳಲ್ಲೂ ಇದೇ ಹೊದಿಕೆ ‘ಗೋಧಡಿ’ ಎಂಬ ಹೆಸರಿನಲ್ಲಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ತಮ್ಮದೇ ರೀತಿಯಲ್ಲಿ ಇದನ್ನು ಹೊಲಿಯುತ್ತಾರೆ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನುದ್ದಕ್ಕೂ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ‘ಫುಲಾ’ ಎಂಬ ಮಡಚಿದ ತ್ರಿಕೋನ ಕೂಡಿಸದಿದ್ದರೆ ಕೆಲಸ ಮುಗಿದಂತಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೈಕೆಲಸದ ಬಗ್ಗೆ ಬರೆದರು. 2004ರಲ್ಲಿ ಸಿದ್ದಿ ಮಹಿಳೆಯರ ಸಹಕಾರ ಗುಂಪೂ ಹುಟ್ಟಿಕೊಂಡಿತು. ಆ ಹೊದಿಕೆಗಳು ಹೊರದೇಶದ ಪ್ರದರ್ಶನಗಳಿಗೂ ಹೋಗಿಬಂದವು.

ಕೌದಿ ಅಂದರೆ ನಾಲ್ಕು ಜನ ಕೂತು ಮಾಡುವ ಕೆಲಸ, ಅಂಗಳದಷ್ಟು ಜಾಗ ಬೇಡುವ ಕೆಲಸ. ಕಾಗದದ ಹೊಲಿಗೆಗೆ ಒಬ್ಬರು ಸಾಕು, ತೊಡೆಯ ಮೇಲಿನ ಜಾಗ ಸಾಕು. ಜಮಖಂಡಿ ಬಸ್ಸಿಗೆ ಕಾಯುವ ಹೊತ್ತಿನಲ್ಲೂ ನಾಲ್ಕು ತುಣುಕು ಮುಗಿಯುತ್ತವೆ.

ಮುನ್ನೂರು ವರ್ಷದ ಹಿಂದಿನ ಕಾಗದ

ಇಂಗ್ಲೆಂಡಿನ ‘ಕ್ವಿಲ್ಟರ್ಸ್ ಗಿಲ್ಡ್’ ಸಂಗ್ರಹದಲ್ಲಿ 1718ರ ರೇಷ್ಮೆಯ ಹೊದಿಕೆಯೊಂದಿದೆ. ಇಸವಿಯನ್ನು ಅದರ ಮೇಲೆಯೇ ಹೊಲಿಯಲಾಗಿದೆ. ಅದು ಕಾಗದದ ಅಚ್ಚಿನ ಮೇಲೆ ಜೋಡಿಸಿದ್ದು. ಆ ಕಾಲದಲ್ಲಿ ಕಾಗದ ದುಬಾರಿ. ಹಾಗಾಗಿ ಹಳೆಯ ಪತ್ರ, ಲೆಕ್ಕದ ಪುಸ್ತಕದ ಹಾಳೆಗಳನ್ನೇ ಕತ್ತರಿಸಿ ಬಳಸುತ್ತಿದ್ದರು. ಕೆಲವು ಹಳೆಯ ಹೊದಿಕೆಗಳಲ್ಲಿ ಕಾಗದ ಒಳಗೇ ಉಳಿದಿದ್ದು, ಅದರ ಮೇಲಿನ ಬರಹದಿಂದಲೇ ಕಾಲ ಗುರುತಿಸುವುದುಂಟು. ಅಮೆರಿಕದಲ್ಲಿ 1835ರಲ್ಲಿ ‘ಗೋಡೀಸ್ ಲೇಡೀಸ್ ಬುಕ್’ ಪತ್ರಿಕೆ ಷಟ್ಕೋನದ ನಮೂನೆಯನ್ನು ಅಚ್ಚು ಹಾಕಿತು. 1930ರ ದಶಕದ ಹೊತ್ತಿಗೆ ಷಟ್ಕೋನದ ಹೂಗಳ ಹೊದಿಕೆ ಅಲ್ಲಿ ಮನೆಮಾತಾಗಿತ್ತು.

ನಮ್ಮ ಹೊಲಿಗೆಯವರಿಗೂ ಕಾಗದ ಹೊಸದಲ್ಲ. ಜಂಪರ್ ಕತ್ತರಿಸಲು ಕಲಿಯುವವರು ಮೊದಲು ಖಾಕಿ ಕಾಗದದ ಮೇಲೆಯೇ ಕೈ ಪಳಗಿಸುತ್ತಾರೆ. ಅಲ್ಲಿ ಕಾಗದ ಅಳತೆ ಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಇಲ್ಲಿ ಹೊಲಿಗೆ ಮುಗಿಯುವವರೆಗೂ ಬಟ್ಟೆಯ ಜೊತೆಗೇ ಇರುತ್ತದೆ.

ಕೈಹೊಲಿಗೆಯಿಂದ ಶುರು

ಕಲಿಯಲು ಷಟ್ಕೋನವೇ ಒಳ್ಳೆಯದು. ಮನೆಯಲ್ಲಿ ರಾಶಿ ಬಿದ್ದಿರುವ ಲಗ್ನಪತ್ರಿಕೆಗಳ ದಪ್ಪ ಕಾಗದ ಇದಕ್ಕೆ ಹೇಳಿ ಮಾಡಿಸಿದ್ದು. ಆದರೆ ಅಚ್ಚಿನ ಬಣ್ಣ ಬಟ್ಟೆಗೆ ಹತ್ತದಂತೆ ಬರಹವಿಲ್ಲದ ಭಾಗವನ್ನೇ ಆರಿಸಿಕೊಳ್ಳಿ. ಪ್ರತಿ ಬದಿ ಒಂದು ಇಂಚು ಇರುವಂತೆ ಷಟ್ಕೋನ ಕತ್ತರಿಸಿ. ಒಂದು ಅಚ್ಚು ಅಳತೆ ತಪ್ಪಿದರೂ ಮುಂದಿನ ಸಾಲು ಕೂಡುವುದಿಲ್ಲ. ಹೀಗಾಗಿ ಎಲ್ಲವನ್ನೂ ಒಂದೇ ಮಾದರಿ ಇಟ್ಟು ಗೀರಿಕೊಳ್ಳಬೇಕು. ಬಟ್ಟೆಯನ್ನು ಕಾಗದಕ್ಕಿಂತ ಸುತ್ತಲೂ ಕಾಲು ಇಂಚು ದೊಡ್ಡದಾಗಿ ಕತ್ತರಿಸಿ, ಅಂಚನ್ನು ಕಾಗದದ ಹಿಂದಕ್ಕೆ ಮಡಚಿ, ಕಚ್ಚಾ ಹೊಲಿಗೆ ಹಾಕಿ.

ಜೋಡಿಸುವಾಗ ಎರಡು ತುಣುಕುಗಳ ಸರಿಮೈ ಒಂದಕ್ಕೊಂದು ತಾಗಿರಲಿ. ಮಡಚಿದ ಅಂಚಿನ ಎರಡು ಮೂರು ಎಳೆಗಳನ್ನಷ್ಟೇ ಸೂಜಿಯಲ್ಲಿ ಹಿಡಿಯುತ್ತಾ ಒತ್ತೊತ್ತಾಗಿ ಸುತ್ತುಹೊಲಿಗೆ ಹಾಕುತ್ತಾ ಹೋಗಿ. ಸೂಜಿ ಕಾಗದಕ್ಕೆ ಚುಚ್ಚಬಾರದು. ನಡುವೆ ಒಂದು, ಸುತ್ತ ಆರು: ಒಂದು ಹೂ ಸಿದ್ಧ. ಅದರಾಚೆಯ ಸುತ್ತಿಗೆ ಹನ್ನೆರಡು, ಮತ್ತೊಂದಕ್ಕೆ ಹದಿನೆಂಟು. ಸುತ್ತಿಗೆ ಆರಾರು ಹೆಚ್ಚುತ್ತದೆ. ಒಂದು ತುಣುಕಿನ ಆರೂ ಬದಿಗೆ ನೆರೆಯವರು ಕೂಡಿಕೊಂಡ ಮೇಲೆ ಕಚ್ಚಾ ದಾರ ಬಿಚ್ಚಿ ಕಾಗದ ಹೊರತೆಗೆಯಬಹುದು. ಅದೇ ಕಾಗದ ಮುಂದಿನ ಹೂವಿಗೂ ಬರುತ್ತದೆ. ಕೈ ಕುದುರಿದ ಮೇಲೆ ವಜ್ರಾಕಾರಕ್ಕೆ ಹೋಗಬಹುದು. ಅರವತ್ತು ಡಿಗ್ರಿ ಕೋನದ ಆರು ತುಣುಕು ಕೂಡಿದರೆ ನಕ್ಷತ್ರ. ತಿಳಿ, ನಡು, ಗಾಢ ಬಣ್ಣದ ಮೂರೇ ಕೂಡಿದರೆ ಬಟ್ಟೆಯಿಂದ ಪೆಟ್ಟಿಗೆಯೊಂದು ಎದ್ದುನಿಂತಂತೆ ಕಾಣುತ್ತದೆ.

ಮಷೀನಿನ ದಾರಿ

ಎರಡನೆಯ ಬಗೆಯಲ್ಲಿ ಕಾಗದ ಬರೀ ಅಚ್ಚಲ್ಲ, ನಕ್ಷೆಯೂ ಹೌದು. ತೆಳು ಕಾಗದದ ಮೇಲೆ ಚಿತ್ರ ಬರೆದು, ಯಾವ ತುಂಡು ಮೊದಲು, ಯಾವುದು ಆಮೇಲೆ ಎಂದು ಸಂಖ್ಯೆ ಹಾಕಿರುತ್ತಾರೆ. ಬಟ್ಟೆ ಕಾಗದದ ಹಿಂದೆ. ಹೊಲಿಗೆ ಬೀಳುವುದು ಮುಂದಿನ ಗೆರೆಯ ಮೇಲೆ. ಮೊದಲ ತುಂಡನ್ನು ಸರಿಮೈ ಹೊರಗೆ ಕಾಣುವಂತೆ ಇಟ್ಟು, ಎರಡನೆಯದನ್ನು ಅದರ ಮೇಲೆ ಬೋರಲು ಹಾಕಿ, ಗೆರೆಯ ಮೇಲೆ ಹೊಲಿದು, ಕಾಲು ಇಂಚು ಬಿಟ್ಟು ಹೆಚ್ಚಿನದನ್ನು ಕತ್ತರಿಸಿ ಮಗುಚಬೇಕು. ಪ್ರತಿ ಸಲ ಒಣ ಇಸ್ತ್ರಿ. ಹೊಲಿಗೆಯನ್ನು ಒಂದೂವರೆ ಮಿಲಿಮೀಟರಿಗೆ ಚಿಕ್ಕದು ಮಾಡಿದರೆ ಕಾಗದದಲ್ಲಿ ಒತ್ತೊತ್ತಾಗಿ ತೂತು ಬೀಳುತ್ತದೆ, ಕೊನೆಗೆ ಸಲೀಸಾಗಿ ಹರಿದುಬರುತ್ತದೆ.

ಹೊಸಬರನ್ನು ಗೊಂದಲಕ್ಕೆ ಕೆಡವುವ ಸಂಗತಿಯೊಂದಿದೆ: ಕಾಗದದ ಮೇಲಿನ ಚಿತ್ರ ಬಟ್ಟೆಯಲ್ಲಿ ಎಡಬಲ ಅದಲುಬದಲಾಗುತ್ತದೆ. ಎಡಕ್ಕೆ ಮುಖ ಮಾಡಿದ ಗಿಳಿ ಬೇಕಿದ್ದರೆ ಬಲಕ್ಕೆ ಮುಖ ಮಾಡಿದ್ದನ್ನು ಬರೆಯಬೇಕು. ಇಷ್ಟು ನೆನಪಿದ್ದರೆ ಕೈಯಲ್ಲಿ ಹಿಡಿಯಲಾಗದಷ್ಟು ಚೂಪಾದ ಮೂಲೆಗಳೂ ಮಷೀನಿನಲ್ಲಿ ನೇರವಾಗಿ ಬರುತ್ತವೆ.

ಯಾವ ಬಟ್ಟೆ?

ಹತ್ತಿಯಷ್ಟು ಮಾತು ಕೇಳುವ ಬಟ್ಟೆ ಬೇರೆ ಇಲ್ಲ. ಮಡಚಿದ ಕಡೆ ನಿಲ್ಲುತ್ತದೆ, ಇಸ್ತ್ರಿಗೆ ಬಗ್ಗುತ್ತದೆ. ಇಳಕಲ್ ಸೀರೆಯ ರೇಷ್ಮೆ ಸೆರಗು ಮತ್ತು ಖಣ ನೋಡಲು ಚೆಂದ, ಆದರೆ ಕತ್ತರಿಸಿದ ಕೂಡಲೇ ಎಳೆ ಬಿಡುತ್ತವೆ. ಅವಕ್ಕೆ ಅಂಚು ಅರ್ಧ ಇಂಚು ಬಿಟ್ಟು, ಹೂವಿನ ನಡುವಿಗೆ ಮಾತ್ರ ಬಳಸುವುದು ಜಾಣತನ. ಗಾಢ ಕೆಂಪು ಬಣ್ಣದವನ್ನು ಮೊದಲು ನೀರಿನಲ್ಲಿ ನೆನೆಸಿ, ಬಣ್ಣ ಬಿಡುತ್ತದೆಯೇ ನೋಡಬೇಕು. ಒಂದು ತುಣುಕು ಬಣ್ಣ ಬಿಟ್ಟರೆ ಸುತ್ತಲಿನ ಆರಕ್ಕೂ ಹತ್ತುತ್ತದೆ.

ಮೇಲೆ ಕಾಗದ, ಒಳಗೆ ಕೌದಿ

ಕಾಗದದ ಹೊಲಿಗೆ ಕೊಡುವುದು ಮೇಲಿನ ಒಂದು ಪದರವನ್ನು ಮಾತ್ರ. ಅದರಿಂದ ಥಂಡಿ ತಡೆಯುವುದಿಲ್ಲ. ಕೆಳಗೆ ಪದರ ಬೇಕು, ಪದರ ಸರಿಯದಂತೆ ಹಿಡಿದಿಡುವ ಹೊಲಿಗೆ ಬೇಕು. ಹೊರಗಿನ ಕ್ವಿಲ್ಟ್‌ಗಾರರು ಇದಕ್ಕೆ ಅಂಗಡಿಯ ಹತ್ತಿ ಹಾಳೆ ತರುತ್ತಾರೆ. ಇಲ್ಲಿ ಮೆತ್ತನೆಯ ಹಳೆ ಸೀರೆಯೂ, ಕೌದಿಯ ಸಾಲುಹೊಲಿಗೆ ಬಲ್ಲ ಕೈಗಳೂ ಮನೆಯಲ್ಲೇ ಇವೆ. ಮೇಲ್ಪದರವನ್ನು ಸೊಸೆಯೋ ಮೊಮ್ಮಗಳೋ ಕಾಗದದ ಮೇಲೆ ಜೋಡಿಸಿದರೆ, ಅದನ್ನು ಹೊದಿಕೆ ಮಾಡುವ ವಿದ್ಯೆ ಅತ್ತೆಯ, ಅಜ್ಜಿಯ ಹತ್ತಿರವಿದೆ. ಬರೀ ಚಿತ್ರ ನೋಡಿ ಕಲಿತವರಿಗೆ ಕೊನೆಯ ಈ ಹಂತವೇ ಕಷ್ಟ, ಈ ಭಾಗದವರಿಗೆ ಅದೇ ಸುಲಭ.

ಮೊದಲಿಗೇ ದೊಡ್ಡದಕ್ಕೆ ಕೈ ಹಾಕುವುದು ಬೇಡ. ಕೂಸಿಗೆ 30 ಇಂಚು ಅಗಲ, 36 ಇಂಚು ಉದ್ದದ ಕೌದಿ ಸಾಕೆನ್ನೋಣ. ಒಂದು ಇಂಚಿನ ಬದಿಯ ಷಟ್ಕೋನವಾದರೆ ಸುಮಾರು 415 ತುಣುಕು ಬೇಕು. ಬದಿಯನ್ನು ಎರಡು ಇಂಚಿಗೆ ಏರಿಸಿದರೆ ಸುಮಾರು 105 ಸಾಕು, ಅಂದರೆ ಹದಿನೈದು ಹೂ. ದಿನಕ್ಕೊಂದು ಹೂ ಕಟ್ಟಿದರೆ ಹದಿನೈದು ಸಂಜೆ, ಹೂಗಳನ್ನು ಒಂದಕ್ಕೊಂದು ಕೂಡಿಸಲು ಮೇಲೊಂದು ವಾರ. ತೊಟ್ಟಿಲ ಶಾಸ್ತ್ರದ ದಿನ ಗೊತ್ತಾದ ಮೇಲೆ ಶುರು ಮಾಡಿದರೆ ತಡವಾಗುತ್ತದೆ. ಸೀಮಂತದ ಹೊತ್ತಿಗೇ ಕತ್ತರಿ ಹಿಡಿಯುವುದು ಒಳ್ಳೆಯದು.