ಭಾನುವಾರದ ಜಾಮ್‌ಗೆ ಬಂದ ಪುತ್ತೂರಿನ ಸ್ಯಾಕ್ಸೋಫೋನ್

ಜಾಮ್ ಅಂದ್ರೆ ಬೆಂಗಳೂರಿನವರಿಗೆ ಮೊದಲು ನೆನಪಾಗೋದು ಸಿಲ್ಕ್ ಬೋರ್ಡ್. ಆಮೇಲೆ ಬ್ರೆಡ್ ಮೇಲೆ ಸವರುವ ಜಾಮ್. ಇದೇ ಊರಲ್ಲಿ ಮೂರನೇ ಥರದ ಜಾಮ್ ಒಂದಿದೆ. ಅದರಲ್ಲಿ ಸಿಕ್ಕಿಹಾಕಿಕೊಂಡರೆ ಎರಡೂವರೆ ಗಂಟೆ ಹೋಗಿದ್ದೇ ಗೊತ್ತಾಗಲ್ಲ. ಅಲ್ಲಿ ಹಾರ್ನ್ ಊದಿದವರಿಗೆ ಬೈಗುಳದ ಬದಲು ಚಪ್ಪಾಳೆ ಸಿಗುತ್ತೆ! ಅದೇ ಜಾಝ್ ಜಾಮ್ ಸೆಷನ್.

ನಾನು ಸಂಗೀತಗಾರ್ತಿ ಅಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಹೈಸ್ಕೂಲ್ ಮುಗಿಯುವ ತನಕ ಆರು ವರ್ಷ ಮೃದಂಗ ಕಲಿತು ಬಿಟ್ಟವಳು. ಗೆಳತಿಯೊಬ್ಬಳು ಬಲವಂತ ಮಾಡಿ ಕರೆದುಕೊಂಡು ಹೋದ ಮೇಲೆ ಒಂದೂವರೆ ವರ್ಷದಿಂದ ತಿಂಗಳಿಗೆ ಎರಡು ಭಾನುವಾರ ಸಂಜೆ ಆ ಕೆಫೆಯ ಮೂಲೆ ಟೇಬಲ್ ನನ್ನದೇ. ಎರಡನೇ ಮಹಡಿ, ನಲವತ್ತು ಜನ ಕೂತರೆ ಭರ್ತಿ. ಗೋಡೆ ಪಕ್ಕ ಪಿಯಾನೋ, ಒಂದು ಡ್ರಮ್ ಸೆಟ್, ಆಳೆತ್ತರದ ಡಬಲ್ ಬಾಸ್. ಟಿಕೆಟ್ ಇಲ್ಲ. ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟಿರುತ್ತಾರೆ. ನುಡಿಸಬೇಕು ಅನ್ನುವವರು ಹೆಸರು, ವಾದ್ಯ ಬರೆದು ಕಾಯಬೇಕು, ಅಷ್ಟೆ.

ಕಾಯಂ ತಂಡದಲ್ಲಿ ಮೂವರು. ಪಿಯಾನೋ ನುಡಿಸುವವರು ನಿವೃತ್ತ ಸಂಗೀತ ಮೇಷ್ಟ್ರು, ವಯಸ್ಸು ಅರವತ್ತೆಂಟು. ಬಾಸ್ ಹಿಡಿಯುವ ಅಕ್ಕ ಹಗಲಲ್ಲಿ ಬ್ಯಾಂಕ್ ಉದ್ಯೋಗಿ. ಡ್ರಮ್ಸ್ ಹುಡುಗ ಫಿಸಿಯೋಥೆರಪಿಸ್ಟ್. ಉಳಿದವರೆಲ್ಲ ನಮ್ಮ ನಿಮ್ಮ ಹಾಗೆ ಸೋಮವಾರ ಬೆಳಿಗ್ಗೆ ಲಾಗಿನ್ ಆಗಬೇಕಾದವರು.

ಬಾಯಿಗೆ ಬಂದ ಹಾಗೆ ಅಲ್ಲ

ಮೊದಲ ಸಲ ಹೋದವರಿಗೆ ಅನ್ನಿಸೋದು ಒಂದೇ: ಇವರು ರಿಹರ್ಸಲ್ ಮಾಡಿಲ್ಲ, ಒಬ್ಬರಿಗೊಬ್ಬರ ಹೆಸರೂ ಸರಿಯಾಗಿ ಗೊತ್ತಿಲ್ಲ, ಆದರೂ ಹೇಗೆ ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಮುಗಿಸ್ತಾರೆ?

ಗುಟ್ಟು ಸರಳ. ಹಾಡಿನ ಅಳತೆ ಎಲ್ಲರಿಗೂ ಗೊತ್ತಿರುತ್ತೆ. ಬ್ಲೂಸ್ ಆದರೆ ಹನ್ನೆರಡು ಬಾರ್, ಬಹಳಷ್ಟು ಹಳೆಯ ಹಾಡುಗಳಾದರೆ ಮೂವತ್ತೆರಡು ಬಾರ್. ಬಾರ್ ಅಂದ್ರೆ ಇಲ್ಲಿ ಸಾಮಾನ್ಯವಾಗಿ ನಾಲ್ಕು ಎಣಿಕೆಯ ಒಂದು ತುಂಡು. ಆ ಮೂವತ್ತೆರಡು ಮುಗಿದರೆ ಒಂದು ಸುತ್ತು. ನಮ್ಮ ತಾಳದ ಆವರ್ತನ ಇದ್ದ ಹಾಗೆ, ಸ್ವಲ್ಪ ಉದ್ದ ಅಷ್ಟೆ. ಮೊದಲು ಎಲ್ಲರೂ ಸೇರಿ ಹಾಡಿನ ಮುಖ್ಯ ಧಾಟಿ ನುಡಿಸ್ತಾರೆ. ಅದನ್ನು ‘ಹೆಡ್’ ಅನ್ನುತ್ತಾರೆ, ಪಲ್ಲವಿ ಅಂದುಕೊಳ್ಳಿ. ಆಮೇಲೆ ಒಬ್ಬೊಬ್ಬರೇ ಅದೇ ಸುತ್ತಿನ ಮೇಲೆ ತಮ್ಮ ಮನೋಧರ್ಮ ತೋರಿಸ್ತಾರೆ. ಕೊನೆಗೆ ಯಾರಾದರೂ ತಲೆ ಮುಟ್ಟಿ ತೋರಿಸಿದರೆ ‘ವಾಪಸ್ ಹೆಡ್‌ಗೆ’ ಅಂತ ಅರ್ಥ. ನಾಲ್ಕು ಬೆರಳು ಎತ್ತಿದರೆ ಡ್ರಮ್ಸ್ ಜೊತೆ ನಾಲ್ಕು ನಾಲ್ಕು ಬಾರ್‌ಗಳ ಸವಾಲ್ ಜವಾಬ್. ತನಿ ಆವರ್ತನದಲ್ಲಿ ಮೃದಂಗ, ಘಟ ಮಾತಾಡಿಕೊಳ್ಳುತ್ತಲ್ಲ, ಅದೇ ಮಜಾ.

ಅಂದ್ರೆ ಜಾಮ್‌ನಲ್ಲಿ ಸ್ವಾತಂತ್ರ್ಯ ಎಷ್ಟಿದೆಯೋ ಅಷ್ಟೇ ಶಿಸ್ತು ಇದೆ. ಮತ್ತೆ ಆ ಶಿಸ್ತಿನಲ್ಲಿ ಮುಕ್ಕಾಲು ಪಾಲು ಕೇಳಿಸಿಕೊಳ್ಳೋದು.

ಹಾರ್ಲೆಮ್‌ನ ಸೋಮವಾರಗಳು

ಈ ಪದ್ಧತಿ ಶುರುವಾಗಿದ್ದೇ ದುಡಿಯುವವರಿಂದ. 1930, 40ರ ದಶಕದ ಅಮೆರಿಕದಲ್ಲಿ ಜಾಝ್ ಕಲಾವಿದರ ಹೊಟ್ಟೆಪಾಡು ದೊಡ್ಡ ಡ್ಯಾನ್ಸ್ ಬ್ಯಾಂಡ್‌ಗಳು. ದಿನಾ ಅದೇ ಹಾಡು, ಬರೆದಿಟ್ಟ ಅದೇ ಸ್ವರ. ಡ್ಯೂಟಿ ಮುಗಿದ ಮೇಲೆ ಸಣ್ಣ ಕ್ಲಬ್‌ಗಳಿಗೆ ಹೋಗಿ ತಮಗೆ ಬೇಕಾದ್ದನ್ನು ನುಡಿಸುತ್ತಿದ್ದರು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1938ರಲ್ಲಿ ತೆರೆದ ಮಿಂಟನ್ಸ್ ಪ್ಲೇಹೌಸ್ ಅಂಥದ್ದೊಂದು ಜಾಗ. ಅಲ್ಲಿನ ಸೋಮವಾರ ರಾತ್ರಿಗಳು ಹೆಸರುವಾಸಿ. ಪಿಯಾನೋದಲ್ಲಿ ಥೆಲೋನಿಯಸ್ ಮಂಕ್, ಡ್ರಮ್ಸ್‌ನಲ್ಲಿ ಕೆನ್ನಿ ಕ್ಲಾರ್ಕ್. ಡಿಝಿ ಗಿಲೆಸ್ಪಿ, ಚಾರ್ಲಿ ಪಾರ್ಕರ್ ಬಂದು ಸೇರಿಕೊಳ್ಳುತ್ತಿದ್ದರು. ‘ಬೀಬಾಪ್’ ಅನ್ನುವ ವೇಗದ, ಕಷ್ಟದ ಶೈಲಿ ಬೆಳೆದಿದ್ದು ಇಂಥ ರಾತ್ರಿಗಳಲ್ಲಿ.

ಆದರೆ ಅಲ್ಲಿ ಹೊಸಬರಿಗೆ ಕರುಣೆ ಕಡಿಮೆ. ತಯಾರಿ ಇಲ್ಲದವರನ್ನು ಓಡಿಸೋಕೆ ಬೇಕಂತಲೇ ಸುತ್ತುಬಳಸಿನ ಸ್ವರಮೇಳಗಳನ್ನು ಹಾಕುತ್ತಿದ್ದರಂತೆ. ಇದೇ ಪಾರ್ಕರ್ ಹದಿಹರೆಯದಲ್ಲಿ ಕಾನ್ಸಾಸ್ ಸಿಟಿಯ ಒಂದು ಜಾಮ್‌ನಲ್ಲಿ ದಾರಿ ತಪ್ಪಿದಾಗ, ಡ್ರಮ್ಮರ್ ಜೋ ಜೋನ್ಸ್ ತಾಳದ ತಟ್ಟೆಯನ್ನೇ ಕಳಚಿ ನೆಲಕ್ಕೆ ಎಸೆದ ಕಥೆ ಜಾಝ್ ಲೋಕದಲ್ಲಿ ಎಲ್ಲರಿಗೂ ಗೊತ್ತು. ಆ ಹುಡುಗ ಹಟ ಹಿಡಿದು ಸಾಧನೆ ಮಾಡಿ ಮಹಾನ್ ಕಲಾವಿದನಾದ, ನಿಜ. ಆದರೆ ಹಾಗೆ ತಟ್ಟೆ ಸದ್ದಿಗೆ ಬೆದರಿ ವಾದ್ಯವನ್ನೇ ಬಿಟ್ಟವರ ಲೆಕ್ಕ ಯಾರು ಇಟ್ಟಿದ್ದಾರೆ?

ಈ ಪ್ರಶ್ನೆ ನನ್ನ ತಲೆಗೆ ಬಂದಿದ್ದು ಹೋದ ತಿಂಗಳ ಒಂದು ಭಾನುವಾರ.

ಮುಚ್ಚೇ ಇದ್ದ ಪೆಟ್ಟಿಗೆ

ಆ ಹುಡುಗನನ್ನು ಅದಕ್ಕೂ ಮುಂಚೆ ಎರಡು ಸಲ ನೋಡಿದ್ದೆ. ಇಪ್ಪತ್ತಮೂರು, ಇಪ್ಪತ್ನಾಲ್ಕು ವಯಸ್ಸಿರಬಹುದು. ಕಾಲ ಬಳಿ ಸ್ಯಾಕ್ಸೋಫೋನ್ ಪೆಟ್ಟಿಗೆ ಇಟ್ಟುಕೊಂಡು ಕೂರೋದು, ಒಂದು ಕಾಫಿ ಕುಡಿಯೋದು, ನೋಟ್‌ಬುಕ್ ಕಡೆ ನೋಡೋದು, ಹೆಸರು ಬರೆಯದೆ ಎದ್ದು ಹೋಗೋದು. ಮೂರನೇ ಸಲ ನನ್ನ ಟೇಬಲ್‌ಗೇ ಬಂದು ಕೂತ. ಮಾತಾಡಿಸಿದೆ.

“ಊರು ಪುತ್ತೂರು ಅಕ್ಕ. ಮಾವ ಮದುವೆಗೆಲ್ಲ ಸ್ಯಾಕ್ಸೋಫೋನ್ ಬಾರಿಸ್ತಾರೆ. ಅವರ ಹತ್ರವೇ ಕಲಿತದ್ದು. ಕೀರ್ತನೆ, ದೇವರನಾಮ ಎಲ್ಲ ಬರ್ತದೆ. ಇವರ ಪದ್ಯ ನನಗೆ ಗೊತ್ತಿಲ್ಲ.”

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ ದಕ್ಷಿಣ ಕನ್ನಡದಲ್ಲಿ ಮದುವೆ ಮನೆಯ, ದೇವಸ್ಥಾನದ ಉತ್ಸವದ ವಾದ್ಯ. ಅದನ್ನು ಕರ್ನಾಟಕ ಸಂಗೀತದ ಕಛೇರಿಗೆ ಒಗ್ಗಿಸಿದವರು ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದರ ದನಿ ಕೇಳಿ ಮರುಳಾದ ನಾಗಸ್ವರ ವಾದಕರ ಮಗ ಅವರು. ಜಾಝ್ ಜೊತೆ ಅವರ ನಂಟೂ ಇತ್ತು: ಅಮೆರಿಕದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ ಸೇರಿ ಮಾಡಿದ ‘ಕಿನ್ಸ್‌ಮೆನ್’ ಆಲ್ಬಮ್ 2008ರಲ್ಲಿ ಬಂತು.

ಈ ಹುಡುಗ ಬೆಂಗಳೂರಿಗೆ ಬಂದು ಎಂಟು ತಿಂಗಳು. ಗೋದಾಮೊಂದರಲ್ಲಿ ಸ್ಟಾಕ್ ಲೆಕ್ಕ ನೋಡುವ ಕೆಲಸ, ಪಿಜಿಯಲ್ಲಿ ವಾಸ. ಒಂದು ರೂಮಿಗೆ ಮೂವರು. ಊದಿದರೆ ಪಕ್ಕದ ರೂಮಿನ ನೈಟ್ ಶಿಫ್ಟ್‌ನವರಿಗೆ ನಿದ್ದೆ ಇಲ್ಲ. ಪಿಜಿ ಮಾಲೀಕರು ಒಂದೇ ಮಾತು ಹೇಳಿದ್ದಾರೆ: ಸದ್ದು ಬೇಕಾದರೆ ಬೇರೆ ರೂಮು ನೋಡ್ಕೊ. ಪಾರ್ಕಿನಲ್ಲಿ ಊದಿದರೆ ವಾಕಿಂಗ್ ಬರುವವರು ತಡೀತಾರೆ. “ಎಂಟು ತಿಂಗಳಲ್ಲಿ ಸರಿಯಾಗಿ ಹತ್ತು ಸಲ ಊದಿಲ್ಲ. ತುಟಿಯ ಹಿಡಿತವೇ ಹೋಗ್ತಾ ಉಂಟು. ಇಲ್ಲಿಯೂ ಆಗದಿದ್ರೆ ಊರಿಗೆ ಕಳಿಸಿಬಿಡುವ ಅಂತ.”

ದೊಡ್ಡ ಊರಿನಲ್ಲಿ ಎಷ್ಟು ವಾದ್ಯಗಳು ಹೀಗೆ ಮಂಚದ ಕೆಳಗೆ ಮೌನವಾಗಿವೆಯೋ! ನನ್ನ ಮೃದಂಗವೂ ಅಮ್ಮನ ಮನೆ ಅಟ್ಟದ ಮೇಲಿದೆ.

ನೋಟ್‌ಬುಕ್ ತಂದು ಅವನ ಮುಂದೆ ಇಟ್ಟೆ. ಬರೆದ.

ಎಂಟು ಬಾರ್

ಹೆಸರು ಕರೆದಾಗ ಎಂಟೂಕಾಲು. ಪಿಯಾನೋ ಮೇಷ್ಟ್ರು ಕೇಳಿದರು: “ಏನಪ್ಪಾ, ಯಾವುದು ನುಡಿಸೋಣ?”

“ಸರ್, ಇಂಗ್ಲಿಷ್ ಯಾವುದೂ ಬರುದಿಲ್ಲ.”

“ಖರಹರಪ್ರಿಯ ಬರುತ್ತಾ?”

ಹುಡುಗನ ಮುಖ ಅರಳಿತು. ಮೇಷ್ಟ್ರು ಅವನ ಷಡ್ಜ ಊದಿಸಿ, ಪಿಯಾನೋದಲ್ಲಿ ಆ ಮನೆ ಹುಡುಕಿಕೊಂಡರು. “ಸೋ ವಾಟ್, ಇವನ ಶ್ರುತಿಯಲ್ಲಿ” ಅಂತ ಉಳಿದಿಬ್ಬರಿಗೆ ಹೇಳಿದರು.

ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್‌ನ ಮೊದಲ ರಚನೆ ಅದು. ಅದರ ‘ಡೋರಿಯನ್’ ಸ್ವರಶ್ರೇಣಿಯೂ ನಮ್ಮ ಖರಹರಪ್ರಿಯದ ಸ್ವರಗಳೂ ಒಂದೇ. ಹೆಡ್ ಕೂಡ ಸುಲಭ: ಬಾಸ್ ಒಂದು ಪ್ರಶ್ನೆ ಕೇಳುತ್ತೆ, ಉಳಿದವರು ಎರಡೇ ಎರಡು ಏಟಿನಲ್ಲಿ ಉತ್ತರ ಕೊಡ್ತಾರೆ. ಕಷ್ಟ ಇರೋದು ಒಂದೇ ಕಡೆ. ಮೂವತ್ತೆರಡು ಬಾರ್‌ನಲ್ಲಿ ಮೊದಲ ಹದಿನಾರು ಒಂದೇ ಶ್ರುತಿ. ಮುಂದಿನ ಎಂಟಕ್ಕೆ ಎಲ್ಲವೂ ಅರ್ಧ ಸ್ವರ ಮೇಲೆ. ಕೊನೆಯ ಎಂಟಕ್ಕೆ ವಾಪಸ್. ಹುಟ್ಟಿದಾಗಿಂದ ಒಂದೇ ಷಡ್ಜಕ್ಕೆ ಕಿವಿ ಕೊಟ್ಟು ಬೆಳೆದವನಿಗೆ ಕಾಲ ಕೆಳಗಿನ ನೆಲವೇ ಸರಿದ ಹಾಗೆ.

ಅವನ ಸೋಲೋ ಶುರುವಾಯಿತು. ಮೊದಲ ಹದಿನಾರು ಬಾರ್ ಕೆಫೆಯಲ್ಲಿ ಚಮಚದ ಸದ್ದೂ ನಿಂತಿತು. ಗಾಂಧಾರವನ್ನು ತೂಗಿ ತೂಗಿ ಊದಿದ. ನಮ್ಮ ಮದುವೆ ಮನೆಗಳ ಆ ದನಿ, ಕೆಳಗೆ ಸ್ವಿಂಗ್ ಡ್ರಮ್ಸ್. ಹದಿನೇಳನೇ ಬಾರ್ ಬಂತು. ತಂಡ ಮೇಲೇರಿತು, ಅವನು ತನ್ನ ಷಡ್ಜದಲ್ಲೇ ಉಳಿದ. ಗಾಜಿನ ಮೇಲೆ ಉಗುರು ಕೆರೆದ ಹಾಗಾಯಿತು. ಹುಡುಗ ವಾದ್ಯ ಇಳಿಸಿಬಿಟ್ಟ. ಕಿವಿಯವರೆಗೂ ಕೆಂಪು.

ಯಾರೂ ನಿಲ್ಲಿಸಲಿಲ್ಲ. ಬಾಸ್ ಅಕ್ಕ ಅವನ ಕಡೆ ಬಗ್ಗಿ “ಐದು... ಆರು... ಏಳು... ಎಂಟು” ಅಂತ ಬಾರ್ ಎಣಿಸಿದರು. ಡ್ರಮ್ಸ್ ಹುಡುಗ ಒಂದು ದೊಡ್ಡ ಏಟು ಕೊಟ್ಟು ಬಾಗಿಲು ತೆರೆದ. ಸರಿಯಾಗಿ ಆ ಏಟಿಗೆ ಬಾಸ್‌ನಲ್ಲಿ ಅವನ ಷಡ್ಜ ಬಂದು ಕೂತಿತು. ಕಂಬ ಸಿಕ್ಕವನ ಹಾಗೆ ಹುಡುಗ ಮತ್ತೆ ಊದಿದ.

ಎರಡನೇ ಸುತ್ತಿನಲ್ಲಿ ಆ ಜಾಗ ಬಂದಾಗ ತಾನಾಗಿಯೇ ವಾದ್ಯ ಇಳಿಸಿದ. ಈ ಸಲ ಹೆದರಿ ಅಲ್ಲ. ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ. ಎಂಟು ಬಾರ್ ಅಂದ್ರೆ ಆ ವೇಗದಲ್ಲಿ ಸುಮಾರು ಹದಿನಾಲ್ಕು ಸೆಕೆಂಡ್. ವೇದಿಕೆ ಮೇಲೆ ನಿಂತವನಿಗೆ ಅದು ತುಂಬ ದೊಡ್ಡ ಮೌನ. ಪಿಯಾನೋ ಸಣ್ಣಗೆ ಅದನ್ನು ತುಂಬಿಕೊಂಡಿತು.

ಮೂರನೇ ಸುತ್ತು. ಹದಿನಾರನೇ ಬಾರ್‌ನ ಕೊನೆಗೆ ಕೈಶಿಕಿ ನಿಷಾದ ಹಿಡಿದ. ತಂಡ ಮೇಲೇರಿತು. ಅವನು ಬಿಡಲಿಲ್ಲ. ಗಮಕ ಇಲ್ಲ, ಅಲುಗಾಟ ಇಲ್ಲ, ಅದೊಂದೇ ಸ್ವರ ಉದ್ದಕ್ಕೆ. ಕೆಳಗಿನ ಲೋಕವೆಲ್ಲ ಬದಲಾಯಿತು, ಆ ಸ್ವರ ಮಾತ್ರ ಕೆಡದೆ ನಿಂತಿತು. ಎಂಟು ಬಾರ್ ಮುಗಿದು ತಂಡ ಅವನ ಶ್ರುತಿಗೆ ಇಳಿದಾಗ ಯಾರೋ ಜೋರಾಗಿ “ಆಹಾ!” ಅಂದರು. ಬಾಸ್ ಅಕ್ಕ ನಗುತ್ತಾ ತಲೆ ಮುಟ್ಟಿ ತೋರಿಸಿದರು. ವಾಪಸ್ ಹೆಡ್‌ಗೆ.

ಬ್ರೇಕ್‌ನಲ್ಲಿ ಮೇಷ್ಟ್ರು ಪೇಪರ್ ನ್ಯಾಪ್ಕಿನ್ ಮೇಲೆ ಬರೆದು ತೋರಿಸಿದರು. ಆ ಎರಡು ಸ್ವರಶ್ರೇಣಿಗಳಿಗೆ ಸಾಮಾನ್ಯವಾದ ಸ್ವರಗಳು ಎರಡೇ: ಅವನ ಗಾಂಧಾರ ಮತ್ತು ಅವನ ನಿಷಾದ. ಉಳಿದ ಐದೂ ತಗಾದೆ ತೆಗೆಯುತ್ತವೆ. “ಇದನ್ನ ನಿನಗೆ ಯಾರು ಹೇಳಿದ್ರೋ?” ಅಂದರು.

“ಯಾರೂ ಇಲ್ಲ ಸರ್. ಸುಮ್ಮನೆ ನಿಂತಾಗ ಕೇಳಿತು.”

ಜಾಮ್ ಅಂದ್ರೆ ಏನು ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ ನಾನೀಗ ಈ ಮಾತನ್ನೇ ಹೇಳ್ತೀನಿ. ತಟ್ಟೆ ಎಸೆದೂ ಕಲಿಸಬಹುದು, ಎಣಿಸಿಕೊಟ್ಟೂ ಕಲಿಸಬಹುದು. ಆದರೆ ತಪ್ಪಿದವನಿಗೆ ಸುಮ್ಮನೆ ನಿಂತು ಕೇಳುವಷ್ಟು ಜಾಗ ಸಿಗೋದು ಎಣಿಸಿಕೊಡುವವರು ಇರುವ ಕಡೆ ಮಾತ್ರ. ನಮ್ಮ ರಿವ್ಯೂ ಮೀಟಿಂಗ್‌ಗಳಲ್ಲಿ ಯಾರಾದರೂ ದಾರಿ ತಪ್ಪಿದಾಗ ನಾವು ಏನು ಮಾಡ್ತೀವಿ, ಯೋಚಿಸಿ ನೋಡಿ.

ಅಂದ ಹಾಗೆ, ಆ ಸ್ಯಾಕ್ಸೋಫೋನ್ ಊರಿಗೆ ಹೋಗಿಲ್ಲ. ಡ್ರಮ್ಸ್ ಹುಡುಗ ಗೆಳೆಯರ ಜೊತೆ ಸೇರಿ ಒಂದು ಸೌಂಡ್‌ಪ್ರೂಫ್ ರೂಮ್ ಬಾಡಿಗೆಗೆ ಹಿಡಿದಿದ್ದಾನೆ. “ಗುರುವಾರ ರಾತ್ರಿ ಖಾಲಿ ಇರುತ್ತೆ, ಬಂದು ಊದ್ಕೋ ಮಗಾ” ಅಂದನಂತೆ.

ನೀವೂ ಹೋಗೋದಾದ್ರೆ

- ಕೇಳೋಕೆ ಹೋಗಲು ಜಾಝ್ ಗೊತ್ತಿರಬೇಕಿಲ್ಲ. ಮೊದಲು ಬಾಸ್ ಮೇಲೆ ಕಿವಿ ಇಡಿ. ಹಾಡು ಎಲ್ಲಿದೆ ಅನ್ನೋದನ್ನು ಹೇಳುವುದು ಅದೇ.
- ಪ್ರತಿ ಸೋಲೋ ಮುಗಿದಾಗ ಚಪ್ಪಾಳೆ ಹಾಕಬಹುದು, ಹಾಡು ಮುಗಿಯುವ ತನಕ ಕಾಯಬೇಕಿಲ್ಲ. ತಾಳ ಹಾಕುವ ಆಸೆ ಆದರೆ ಒಂದು, ಮೂರರ ಬದಲು ಎರಡು, ನಾಲ್ಕನೇ ಎಣಿಕೆಗೆ ಹಾಕಿ.
- ನುಡಿಸುವವರಾದರೆ ಬೇಗ ಹೋಗಿ ಹೆಸರು ಬರೆಸಿ. ಎರಡು ಮೂರು ಸುತ್ತು ಸಾಕು, ಹಿಂದೆ ಕಾಯುವವರಿದ್ದಾರೆ.
- ಕರ್ನಾಟಕ ಸಂಗೀತ ಕಲಿತವರು ಹಿಂಜರಿಯಬೇಡಿ. 1983ರಲ್ಲೇ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ, ಗಾಯಕಿ ಆರ್.ಎ. ರಮಾಮಣಿ ಮತ್ತು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಸೇರಿ ‘ಜ್ಯೋತಿ’ ಅನ್ನುವ ಆಲ್ಬಮ್ ಮಾಡಿದ್ದಾರೆ. ಹೋಗುವ ಮುಂಚೆ ಅದನ್ನೊಮ್ಮೆ ಕೇಳಿ.
- ಟಿಕೆಟ್ ಇಲ್ಲ ಅಂತ ನೀರು ಕುಡಿದು ಎದ್ದು ಬರಬೇಡಿ. ಕಾಫಿ, ತಿಂಡಿ ಬಿಲ್‌ನಿಂದಲೇ ಇಂಥ ಕೆಫೆಗಳಲ್ಲಿ ಪಿಯಾನೋಗೆ ಜಾಗ ಉಳಿಯೋದು.